ಗರ್ಭಕೋಶದ ಆಪರೇಷನ್: ಮರಗಟ್ಟಿದ್ದು ಬಿಡುವ ಹೊತ್ತಿಗೆ ಸಿದ್ಧರಾಗಿರಿ

ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತ ಬಂದು, ಕೊನೆಗೆ ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ ಗರ್ಭಕೋಶ ತೆಗೆಸಿಕೊಳ್ಳುವ ಹೆಂಗಸರು ಖರ್ಚು ಎಷ್ಟು, ಡಿಸ್ಚಾರ್ಜ್ ಯಾವಾಗ ಎಂದು ಕೇಳುತ್ತಾರೆಯೇ ಹೊರತು ನೋವಿಗೆ ಏನು ಕೊಡುತ್ತೀರಿ ಎಂದು ಕೇಳುವುದು ಕಡಿಮೆ. ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರು ನೋಡಲು ಬಂದಾಗ ಅದನ್ನು ಕೇಳಿ. ಔಷಧದ ಅಲರ್ಜಿ, ಹೃದಯ, ಯಕೃತ್ತು, ಮೂತ್ರಪಿಂಡದ ತೊಂದರೆಗಳನ್ನು ಆಗಲೇ ತಿಳಿಸಿ. ಮರಗಟ್ಟಿಸುವ ಮದ್ದಿನ ಗರಿಷ್ಠ ಪ್ರಮಾಣವನ್ನು ತೂಕ ನೋಡಿ ಲೆಕ್ಕ ಹಾಕುವುದರಿಂದ ತೂಕವನ್ನು ಅಂದಾಜಿನ ಮೇಲೆ ಬರೆಸಬೇಡಿ.

ಬ್ಯುಪಿವಕೇನ್ ಅಥವಾ ರೋಪಿವಕೇನ್ ಎಂಬ ಮರಗಟ್ಟಿಸುವ ಮದ್ದನ್ನು ಗಾಯದ ಅಂಚಿಗೆ ಕೊಡುತ್ತಾರೆ, ಇಲ್ಲವೆ ಅಲ್ಟ್ರಾಸೌಂಡ್ ಪರದೆ ನೋಡುತ್ತ ಹೊಟ್ಟೆಯ ಪಕ್ಕದ ಸ್ನಾಯು ಪದರಗಳ ನಡುವೆ ಚುಚ್ಚುತ್ತಾರೆ. ಎರಡನೆಯದಕ್ಕೆ ಟ್ಯಾಪ್ ಬ್ಲಾಕ್ ಎನ್ನುತ್ತಾರೆ. ಇದು ತಗ್ಗಿಸುವುದು ಹೊಟ್ಟೆಯ ಗೋಡೆಯ ನೋವನ್ನು. ಒಳಗೆ ಹಿಂಡಿದಂತಾಗುವ ನೋವಿಗೂ, ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್ನಿನಲ್ಲಿ, ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಬರುವ ಭುಜದ ನೋವಿಗೂ ಮಾತ್ರೆ ಬೇಕೇ ಬೇಕು.

ಈ ಮದ್ದುಗಳ ಪರಿಣಾಮ ಸಾಮಾನ್ಯವಾಗಿ ಒಂದು ದಿನವೂ ಪೂರ್ತಿ ಉಳಿಯುವುದಿಲ್ಲ. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ, ನಿಧಾನವಾಗಿ ಬಿಡುಗಡೆಯಾಗುವ ಲೈಪೋಸೋಮ್ ಬ್ಯುಪಿವಕೇನ್‌ಗೆ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ನೀಡಿತು. ಆದರೆ ದುಬಾರಿಯಾದ ಅದು ಸಾಮಾನ್ಯ ಬ್ಯುಪಿವಕೇನ್‌ಗಿಂತ ಬಹಳ ಮೇಲೆಂದು ಎಲ್ಲ ಅಧ್ಯಯನಗಳೂ ಹೇಳಿಲ್ಲ. ಹಾಗಾಗಿ ಹೊಸ ಮದ್ದು ಸಿಗಲಿಲ್ಲವೆಂದು ಕೊರಗಬೇಕಾಗಿಲ್ಲ.

ಮುಖ್ಯವಾದದ್ದು ಗಡಿಯಾರ. ಇಂಜೆಕ್ಷನ್ ಕೊಟ್ಟ ಸಮಯವನ್ನು ಸಿಸ್ಟರನ್ನು ಕೇಳಿ, ಜೊತೆಗಿರುವವರ ಕೈಯಲ್ಲಿ ಮಾತ್ರೆಯ ಕವರಿನ ಮೇಲೆ ಬರೆಸಿಡಿ. ನೋವಿಲ್ಲವಲ್ಲ ಎಂದು ಸಂಜೆಯ ಮಾತ್ರೆ ಬಿಟ್ಟವರಿಗೆ, ಮರಗಟ್ಟಿದ್ದು ಬಿಡುತ್ತಲೇ ನಡುರಾತ್ರಿ ನೋವು ಒಮ್ಮೆಲೇ ಏರುತ್ತದೆ. ಆಮೇಲೆ ನುಂಗಿದ ಮಾತ್ರೆ ಹಿಡಿಯಲು ಹೊತ್ತು ಬೇಕು. ವೈದ್ಯರು ಬರೆದುಕೊಟ್ಟ ಸಮಯಕ್ಕೇ ನುಂಗಿ. ಪ್ಯಾರಾಸಿಟಮಾಲ್, ನೆಗಡಿ ಮಾತ್ರೆಯಲ್ಲಿರುವುದೂ ಸೇರಿ, ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ.

ಮರಗಟ್ಟಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ; ತಿರುವಿನ ರಸ್ತೆಯಲ್ಲಿ ಮನೆಗೆ ಹೋಗುವಾಗಲೂ ಅದೇ ದಿಂಬು ಜೊತೆಗಿರಲಿ.

ಇಂಜೆಕ್ಷನ್ ಆದ ಮೇಲೆ ತುಟಿ ಜುಮುಗುಟ್ಟುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವುದು ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರಿದ್ದರ ಸೂಚನೆ ಇರಬಹುದು; ತಕ್ಷಣ ಸಿಸ್ಟರಿಗೆ ಹೇಳಿ. ಮನೆಗೆ ಬಂದ ಮೇಲೆ ಜ್ವರ, ಹೆಚ್ಚು ರಕ್ತಸ್ರಾವ, ಒಂದೇ ಕಾಲಿನ ಊತ ಅಥವಾ ಮಾತ್ರೆಗೂ ಬಗ್ಗದೆ ಏರುವ ನೋವು ಕಂಡರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಮರಳಬೇಕು.