ಅಂಚು ಕೊರೆಯದ ಹಲಗೆಯಿಂದ ಮನೆಗೊಂದು ಬಾರ್ ಕೌಂಟರ್

ಸಾ ಮಿಲ್‌ನಲ್ಲಿ ಅಂಚು ಕೊರೆಯದ, ಅಂದರೆ ಮರದ ಸಹಜ ಅಂಚು ಉಳಿದಿರುವ ಹಲಗೆ ನೋಡುವಾಗ ಮರ ಯಾವುದು ಎಂದು ಆಮೇಲೆ ಕೇಳಿದರಾಯಿತು. ಕೊಯ್ದು ಎಷ್ಟು ಕಾಲವಾಯಿತು ಎಂದು ಮೊದಲು ಕೇಳಿ. ಗಾಳಿಯಲ್ಲಿ ಒಣಗುವ ಹಲಗೆಗೆ ಇಂಚಿಗೊಂದು ವರ್ಷ ಎಂಬುದು ಬಡಗಿಗಳ ಒರಟು ಲೆಕ್ಕ. ಎರಡೂವರೆ ಇಂಚು ದಪ್ಪದ ಹಲಗೆಯನ್ನು ನೆರಳಲ್ಲಿ ರೀಪು ಕೊಟ್ಟು ಪೇರಿಸಿಟ್ಟರೂ ಎರಡು ವರ್ಷಕ್ಕೆ ಕಡಿಮೆಯಿಲ್ಲ. ‘ಆರು ತಿಂಗಳಾಯ್ತು ಸಾರ್, ಪೂರ್ತಿ ಒಣಗಿದೆ’ ಎಂದರೆ ಒಣಗಿರುವುದು ಮೇಲಿನ ಅರ್ಧ ಇಂಚು ಮಾತ್ರ. ಕಿಲ್ನ್‌ನಲ್ಲಿ ಸೀಸನಿಂಗ್ ಮಾಡಿದ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದ ಹಲಗೆಗೆ ದುಡ್ಡು ಹೆಚ್ಚು, ಆದರೆ ಇಡೀ ಕೆಲಸದಲ್ಲಿ ಧಾರಾಳವಾಗಿ ಖರ್ಚು ಮಾಡಬೇಕಾದ ಜಾಗ ಇದೊಂದೇ.

ಮುಳ್ಳಿರುವ ಮಾಯಿಶ್ಚರ್ ಮೀಟರ್ ಜೊತೆಗಿರಲಿ. ತುದಿಯಿಂದ ಅರ್ಧ ಅಡಿಯಷ್ಟು ಕತ್ತರಿಸಿ ಹಾಕಿಸಿ, ಹೊಸದಾಗಿ ಕಂಡ ಕೊರೆಯ ನಟ್ಟನಡುವೆ ಮುಳ್ಳು ಚುಚ್ಚಿ ನೋಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಯೊಳಗೆ ನಿಲ್ಲಬೇಕಾದ ಹಲಗೆಯ ತೇವ ಶೇ. 10ರಿಂದ 12ರೊಳಗೆ ಇರಬೇಕು. ಮಂಗಳೂರು, ಉಡುಪಿಯ ಕಡೆ ಶೇ. 14 ಇದ್ದರೂ ನಡೆಯುತ್ತದೆ. ಶೇ. 18 ತೋರಿಸಿದರೆ ಎಳೆ ಎಷ್ಟೇ ಚೆಂದವಿದ್ದರೂ ಬಿಟ್ಟು ಬನ್ನಿ.

ಜಾತಿಯ ವಿಚಾರಕ್ಕೆ ಬಂದರೆ, ಅಗಲವಾದ ಹಲಗೆ ಸುಲಭವಾಗಿ ಸಿಗುವುದು ಮಳೆಮರ, ಅಂದರೆ ರೈನ್ ಟ್ರೀಯಲ್ಲಿ. ಒಣಗುವಾಗ ಕುಗ್ಗುವುದೂ ಕಡಿಮೆ. ಮೊದಲ ಕೌಂಟರ್‌ಗೆ ಇದೇ ಸೂಕ್ತ. ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಗೆದ್ದಲಿಗೆ ಜಗ್ಗುವುದಿಲ್ಲ. ಹೊಸದರಲ್ಲಿ ಅರಿಶಿನದಂತೆ ಹಳದಿ, ಬೆಳಕು ಬಿದ್ದಂತೆಲ್ಲ ಕಂದಾಗುತ್ತದೆ. ಆ ಹಳದಿಯೇ ಬೇಕೆಂದು ಕೊಂಡವರಿಗೆ ನಿರಾಸೆ ಕಾದಿದೆ. ಮಾವು ಅಗ್ಗ, ಆದರೆ ಕುಟ್ಟೆ ಹುಳಕ್ಕೆ ಬಲು ಇಷ್ಟ. ಕಾಫಿ ತೋಟದ ಸಿಲ್ವರ್ ಓಕ್‌ನ ಎಳೆ ನೋಡಲು ಸೊಗಸು, ಅಗಲ ಮಾತ್ರ ಸಾಲದು. ತೇಗ, ಬೀಟೆಯಾದರೆ ಬಿಲ್ಲಿನ ಜೊತೆಗೆ ಅರಣ್ಯ ಇಲಾಖೆಯ ಸಾಗಣೆ ಪರವಾನಗಿಯನ್ನೂ ಕೇಳಿ ಪಡೆಯಿರಿ.

ಏಳು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಮೂವರು ಮೈಕೈ ತಾಗದಂತೆ ಕೂರಬಹುದು. ತಲೆಗೆ ಎರಡು ಅಡಿ ಎಂದು ಲೆಕ್ಕ. ಎರಡೂವರೆ ಇಂಚು ದಪ್ಪಕ್ಕೆ ಇದು ಸುಮಾರು 2.9 ಘನ ಅಡಿ. ಮಟ್ಟ ಮಾಡಿದ ಮೇಲೆ ಎರಡು ಇಂಚು ಉಳಿದರೆ ತೂಕ 40 ಕಿಲೋ ಆಸುಪಾಸು. ನಡುವಿನಲ್ಲಿ ಮರದ ತಿರುಳು ಸಿಕ್ಕಿಕೊಂಡಿರುವ ಹಲಗೆ ಬೇಡ, ಅದು ಅಲ್ಲೇ ಸೀಳುತ್ತದೆ.

ಮನೆಗೆ ತಂದ ಹಲಗೆಯನ್ನು ನೆಲದ ಮೇಲೆ ಮಲಗಿಸಿಡಬೇಡಿ. ಮೇಲ್ಮೈ ಒಣಗಿ ಅಡಿಭಾಗ ಹಾಗೇ ಉಳಿದರೆ ಒಂದೇ ವಾರದಲ್ಲಿ ದೋಣಿಯಂತೆ ಬಾಗುವುದುಂಟು. ಒಂದೂವರೆ ಅಡಿಗೊಂದರಂತೆ ರೀಪು ಕೊಟ್ಟು, ಎರಡೂ ಕಡೆ ಗಾಳಿಯಾಡುವಂತೆ, ಕೌಂಟರ್ ನಿಲ್ಲುವ ಕೋಣೆಯಲ್ಲೇ ಮೂರು ನಾಲ್ಕು ವಾರ ಬಿಡಿ. ಕತ್ತರಿಸಿದ ತುದಿಗಳಿಗೆ ಮೇಣವನ್ನೋ ಹಳೆ ಪೇಂಟನ್ನೋ ಬಳಿದಿಡಿ.

ತೊಗಟೆಯನ್ನು ಹಾಗೇ ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಇವತ್ತಲ್ಲ ನಾಳೆ ಅದು ಕಳಚಿ ಬೀಳುತ್ತದೆ, ಅಲ್ಲಿಯವರೆಗೆ ಹುಳಕ್ಕೆ ಮನೆಯಾಗಿರುತ್ತದೆ. ಅಗಲ ಉಳಿಯನ್ನು ತೀರಾ ಓರೆಯಾಗಿ ಹಿಡಿದು ಎಬ್ಬಿಸಿ, ಉಳಿದ ನಾರನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತಂತಿ ಬ್ರಷ್ ಗೀರು ಉಳಿಸುತ್ತದೆ. ಚೇಗಿನ ಸುತ್ತಲಿನ ಬಿಳಿ ಭಾಗದಲ್ಲಿ ಸಣ್ಣ ತೂತುಗಳಿದ್ದು, ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಇನ್ನೂ ಒಳಗೆ ಜೀವಂತ ಎಂದರ್ಥ. ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣವನ್ನು ಪಾಲಿಶ್‌ಗೆ ಮೊದಲೇ ಎರಡು ಮೂರು ಸಲ ಬಳಿದು ಒಣಗಿಸಬೇಕು. ಪಾಲಿಶ್ ಆದ ಮೇಲೆ ಅದು ಮರದೊಳಗೆ ಇಳಿಯುವುದಿಲ್ಲ.

ಮಟ್ಟ ಮಾಡುವುದಕ್ಕೆ ಎರಡು ಹಳಿಯ ಮೇಲೆ ಓಡುವ ಜಾರುಬಂಡಿಯಲ್ಲಿ ರೌಟರ್, ಅಂದರೆ ಬಿಟ್ ತಿರುಗಿಸಿ ಮರ ಹೆರೆಯುವ ಯಂತ್ರ ಕೂರಿಸಬೇಕು. ಬಿಟ್ ಹಿಡಿಯುವ 12 ಮಿ.ಮೀ. ಕಾಲೆಟ್‌ನ ರೌಟರ್, 25 ಮಿ.ಮೀ. ಅಗಲದ ತಟ್ಟೆ ಬಿಟ್ ಇದ್ದರೆ ಸಾಕು. ಶುರು ಮಾಡುವ ಮುನ್ನ ಹಲಗೆಯ ನಾಲ್ಕು ಮೂಲೆಗೂ ಬೆಣೆ ಕೊಟ್ಟು ಅಲುಗದಂತೆ ನಿಲ್ಲಿಸಿ. ಒಂದು ಸುತ್ತಿನಲ್ಲಿ 2 ಮಿ.ಮೀ. ಮೀರಿ ತೆಗೆಯಬೇಡಿ. ಎರಡು ಮುಖದಿಂದಲೂ ಹೆಚ್ಚುಕಮ್ಮಿ ಒಂದೇ ಪ್ರಮಾಣ ತೆಗೆಯುವುದು ಮುಖ್ಯ; ಒಂದೇ ಕಡೆ ಹೆರೆದರೆ ಒಳಗಿನ ಸೆಳೆತ ಸಮತೋಲ ತಪ್ಪಿ, ಬೆಳಗ್ಗೆ ಮಟ್ಟವಾಗಿದ್ದ ಹಲಗೆ ಸಂಜೆಗೆ ಬಾಗಿರುತ್ತದೆ. ಮಾಸ್ಕ್ ಕಡ್ಡಾಯ.

ಬಿರುಕುಗಳಿಗೆ ಚಿಟ್ಟೆ ಬೆಣೆ, ಅಂದರೆ ಎರಡೂ ಬದಿಯನ್ನು ಹಿಡಿದಿಡುವ ಚಿಟ್ಟೆಯಾಕಾರದ ಮರದ ತುಂಡು ಹಾಕುತ್ತಾರೆ. 50 ಮಿ.ಮೀ. ಹಲಗೆಗೆ 18ರಿಂದ 20 ಮಿ.ಮೀ. ಆಳ, 80ರಿಂದ 100 ಮಿ.ಮೀ. ಉದ್ದದ ಬೆಣೆ ಸಾಕು. ಬೆಣೆಯ ಎಳೆ ಬಿರುಕಿಗೆ ಅಡ್ಡವಾಗಿ ಹಾಯಬೇಕು. ಬಿರುಕಿನ ದಿಕ್ಕಿಗೇ ಇಟ್ಟರೆ ಚಿಟ್ಟೆಯ ಸೊಂಟ ಪಟ್ಟನೆ ಮುರಿಯುತ್ತದೆ. ಮೊದಲ ಬೆಣೆ ಬಿರುಕು ಕೊನೆಗೊಳ್ಳುವ ಜಾಗದ ಹತ್ತಿರವೇ ಬರಲಿ. ಉಳಿದ ಖಾಲಿ ಜಾಗಕ್ಕೆ ಎಪಾಕ್ಸಿ, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು. 60 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 5 ಸೆಂ.ಮೀ. ಆಳದ ಬಿರುಕಿಗೆ 600 ಮಿ.ಲೀ. ಬೇಕು, ಸೋರಿಕೆಗೆಂದು ಇನ್ನೊಂದು ನೂರು ಸೇರಿಸಿ. ಅಡಿಯಲ್ಲಿ ಟೇಪ್ ಬಿಗಿದು, ಬಿರುಕಿನ ಒಳಗೋಡೆಗೆ ಮೊದಲು ತೆಳುವಾಗಿ ಎಪಾಕ್ಸಿ ಸವರಿ, ಅದು ಅಂಟಂಟಾದ ಮೇಲೆ ಪೂರ್ತಿ ಸುರಿಯಿರಿ. ಇಲ್ಲದಿದ್ದರೆ ಮರದ ರಂಧ್ರಗಳಿಂದ ರಾತ್ರಿಯಿಡೀ ಗುಳ್ಳೆ ಏಳುತ್ತಿರುತ್ತದೆ.

ಎಪಾಕ್ಸಿ ಗಟ್ಟಿಯಾಗದೆ ಜಿಗುಟಾಗಿ ಉಳಿಯಲು ಕಾರಣ ಹೆಚ್ಚಾಗಿ ಅಳತೆಯೇ. ಡಬ್ಬಿಯ ಮೇಲಿನ ಅನುಪಾತ ತೂಕದ್ದೋ ಗಾತ್ರದ್ದೋ ಎಂದು ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ. ಟೇಬಲ್ ಟಾಪ್‌ಗೆಂದು ಮಾರುವ ರೆಸಿನ್ ಅನ್ನು ಆಳವಾದ ಬಿರುಕಿಗೆ ಒಂದೇ ಸಲ ಸುರಿದರೆ ಕಾದು ಹಳದಿಯಾಗಿ ಒಡೆಯುತ್ತದೆ, ಹೊಗೆಯೂ ಬರಬಹುದು. ಅದಕ್ಕೆ ಕಾಸ್ಟಿಂಗ್ ರೆಸಿನ್ನೇ ಬೇಕು. ಮಳೆಗಾಲದಲ್ಲಿ ಮೇಲೆ ಮೇಣದಂಥ ಪೊರೆ ಕಟ್ಟಿದರೆ ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲಷ್ಟೇ ಮರಳು ಕಾಗದ ಹಿಡಿಯಿರಿ.

ಕಾಗದ 80ರಿಂದ ಶುರುವಾಗಿ 120, 150, 180. ಒಂದನ್ನು ಹಾರಿಸಿದರೂ ಸುರುಳಿ ಗೀರುಗಳು ಪಾಲಿಶ್ ಅಡಿಯಲ್ಲಿ ಎದ್ದು ಕಾಣುತ್ತವೆ.

ಊಟದ ಮೇಜಿಗೂ ಬಾರ್ ಕೌಂಟರ್‌ಗೂ ವ್ಯತ್ಯಾಸ ಬರುವುದು ಪಾಲಿಶ್‌ನಲ್ಲಿ. ಆಚಾರಿಗಳಿಗೆ ಕೈಪಳಗಿದ ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಸ್ಪಿರಿಟ್ ಎಂದರೆ ಆಲ್ಕೋಹಾಲ್. ಲೋಟದ ತಳದಿಂದ ಇಳಿದ ವಿಸ್ಕಿ ಅದನ್ನು ಮತ್ತೆ ಕರಗಿಸದೆ ಬಿಡುತ್ತದೆಯೇ? ಮೊದಲ ಭಾನುವಾರವೇ ಉಂಗುರದ ಗುರುತು ಬೀಳುತ್ತದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಕೂಡ ಇಲ್ಲಿ ನಂಬಿಕಸ್ಥನಲ್ಲ. ಬೇಕಿರುವುದು ಎರಡು ಘಟಕದ ಪಿಯು (ಪಾಲಿಯುರೆಥೇನ್), ಮ್ಯಾಟ್ ಫಿನಿಶ್‌ನಲ್ಲಿ ಮೂರು ಕೋಟು, ಅವುಗಳ ಕೆಳಗೆ ಮರದ ರಂಧ್ರ ಮುಚ್ಚಲು ಅದೇ ಪಿಯುವಿನ ಸೀಲರ್. ದುಡ್ಡು ಉಳಿಸಲು ಕೆಳಗೆ ಎನ್‌ಸಿ ಸೀಲರ್ ಹೊಡೆದರೆ ಮೇಲಿನ ಪಿಯು ಸಿಪ್ಪೆಯಾಗಿ ಏಳುವ ಅಪಾಯವಿದೆ. ಹಾರ್ಡ್‌ವ್ಯಾಕ್ಸ್ ಆಯಿಲ್ ಕೈಗೆ ಹಿತ, ಕಲೆಯಾದ ಜಾಗವನ್ನಷ್ಟೇ ಉಜ್ಜಿ ಸರಿಪಡಿಸಬಹುದು. ಆದರೆ ಚೆಲ್ಲಿದ್ದನ್ನು ಆಗಿಂದಾಗ್ಗೆ ಒರೆಸುವ ಶಿಸ್ತು ಬೇಕು. ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಇಡೀ ಮೇಲ್ಮೈಗೆ ಗಾಜಿನಂತೆ ಎಪಾಕ್ಸಿ ಸುರಿಯುವ ಫ್ಯಾಷನ್ ನಮ್ಮ ಶಿಫಾರಸಲ್ಲ: ಬೇಗ ಗೀರಾಗುತ್ತದೆ, ಬಿಸಿ ಪಾತ್ರೆಗೆ ಮೆತ್ತಗಾಗುತ್ತದೆ, ಮರ ಮುಟ್ಟಿದ ಸುಖವೂ ಇಲ್ಲ.

ಯಾವುದನ್ನೇ ಆರಿಸಿ, ಕತ್ತರಿಸಿದ ತುಂಡಿನ ಮೇಲೆ ಮೊದಲು ಹಚ್ಚಿ ವಾರ ಬಿಡಿ. ಅದರ ಮೇಲೆ ನಾಲ್ಕು ಹನಿ ವೋಡ್ಕಾ, ಪಕ್ಕದಲ್ಲಿ ನಿಂಬೆರಸ ಹಾಕಿ, ಲೋಟ ಬೋರಲಿಟ್ಟು ಒಂದು ಗಂಟೆ ಕಾಯಿರಿ. ಗುರುತು ಬಿದ್ದರೆ ಹಲಗೆಗೆ ಹಚ್ಚುವುದು ಬೇಡ. ಮೇಲ್ಮುಖಕ್ಕೆ ಎಷ್ಟು ಕೋಟೋ ಅಡಿಗೂ ಅಷ್ಟೇ. ಕಾಣುವುದಿಲ್ಲವೆಂದು ಅಡಿಯನ್ನು ಬಿಟ್ಟರೆ ತೇವ ಒಂದೇ ಕಡೆಯಿಂದ ಏರಿಳಿದು ಹಲಗೆ ಬಾಗುತ್ತದೆ.

ಇನ್ನು ಕೆಳಗಿನ ಚೌಕಟ್ಟು. 40×40×2 ಮಿ.ಮೀ. ಕಬ್ಬಿಣದ ಚದರ ಪೈಪ್, ಇಲ್ಲವೇ 18 ಮಿ.ಮೀ.ನ 710 ದರ್ಜೆಯ, ಅಂದರೆ ನೀರಿಗೆ ಜಗ್ಗದ ಪ್ಲೈವುಡ್. ಮೇಲ್ಮೈ ನೆಲದಿಂದ 42 ಇಂಚು, ಸ್ಟೂಲ್ 30 ಇಂಚು, ಕಾಲಿಡುವ ಪೈಪ್ ನೆಲದಿಂದ 8 ಇಂಚು. ಅತಿಥಿಗಳ ಕಡೆ ಮಂಡಿಗೆ 10 ಇಂಚು ಹೊರಚಾಚು ಕೊಟ್ಟು, ಮರದ ಸಹಜ ಅಂಚು ಅತ್ತ ಇರಲಿ. ಆ ಹೊರಚಾಚು ಎಳೆಗೆ ಅಡ್ಡಲಾಗಿ ಬರುವುದರಿಂದ ಅಲ್ಲಿ ಹಲಗೆ ದುರ್ಬಲ. ಮೊಣಕೈಯೂರಿ ಭಾರ ಬಿಡುವವರು ಇದ್ದೇ ಇರುತ್ತಾರೆ. ಎರಡೂವರೆ ಅಡಿಗೊಂದು ಬ್ರಾಕೆಟ್ ಕೊಡಿ, ಅದರಲ್ಲೊಂದು ಬಿರುಕು ಇರುವ ಜಾಗದ ಕೆಳಗೇ ಬರಲಿ.

ಹಲಗೆಯನ್ನು ಚೌಕಟ್ಟಿಗೆ ಅಂಟಿಸಲೂ ಬಾರದು, ಸ್ಕ್ರೂ ಹೊಡೆದು ಬಿಗಿಯಲೂ ಬಾರದು. ಮರದ ತೇವ ಶೇ. 4ರಷ್ಟು ಏರಿಳಿದರೆ ಎರಡು ಅಡಿ ಅಗಲದ ಮಾವಿನ ಹಲಗೆ ಅಗಲದಲ್ಲಿ ಸುಮಾರು 4 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ತಡೆದರೆ ಸೀಳುತ್ತದೆ. ಹಲಗೆಯ ಅಡಿಗೆ ಎಂ8 ಇನ್ಸರ್ಟ್, ಅಂದರೆ 8 ಮಿ.ಮೀ. ಬೋಲ್ಟ್ ತಿರುಗಿಸಿ ಬಿಗಿಯಬಹುದಾದ ಲೋಹದ ಗೂಡು ಕೂರಿಸಿ. ಚೌಕಟ್ಟಿನ ಅಡ್ಡಪಟ್ಟಿಯಲ್ಲಿ ನಡುವಿನದು ದುಂಡು ತೂತು; ಎರಡು ಅಂಚಿನವು ಹಲಗೆಯ ಅಗಲದ ದಿಕ್ಕಿಗೆ 20 ಮಿ.ಮೀ. ಉದ್ದದ ಸೀಳುತೂತು. ವಾಷರ್ ಹಾಕಿ, ಅದನ್ನು ಬೆರಳಲ್ಲಿ ಕಷ್ಟಪಟ್ಟು ತಿರುಗಿಸಬಹುದಾದಷ್ಟು ಬೋಲ್ಟ್ ಬಿಗಿದರೆ ಸಾಕು. ಹಲಗೆಯ ಉದ್ದಂಚು ಗೋಡೆಗೆ ತಾಗುವಂತಿದ್ದರೆ 5 ಮಿ.ಮೀ. ಸಂದು ಬಿಡಿ.

ಅಡಿಯಲ್ಲಿ ಪುಟ್ಟ ಫ್ರಿಜ್ ಇಡುವುದಾದರೆ ಅದರ ತಲೆಗೂ ಹಲಗೆಗೂ ಎರಡು ಇಂಚು ಅಂತರವಿರಲಿ, ಹಿಂದೆ ಬಿಸಿಗಾಳಿ ಹೋಗಲು ಜಾಲರಿ ಬೇಕು. ಆ ಬಿಸಿ ಒಂದೇ ಜಾಗವನ್ನು ಒಣಗಿಸಿ ಸೀಳು ತರುತ್ತದೆ. ಬಾಟಲಿಯ ಶೆಲ್ಫ್‌ಗೆ 14 ಇಂಚು ಎತ್ತರ ಸಾಕು. ಎಷ್ಟು ಶೆಲ್ಫ್ ಎಂದು ತೀರ್ಮಾನಿಸುವ ಮುನ್ನ, ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಅಬಕಾರಿ ಇಲಾಖೆಯ ಈಗಿನ ಮಿತಿ ಎಷ್ಟೆಂದು ನೋಡಿಕೊಳ್ಳಿ. ಒಂದು ಮಳೆಗಾಲ ಕಳೆದ ಮೇಲೆ ಬೋಲ್ಟ್‌ಗಳನ್ನು ಪರೀಕ್ಷಿಸಿ: ವಾಷರ್ ಸರಿದ ಗುರುತು ಸೀಳುತೂತಿನ ತುದಿ ಮುಟ್ಟಿದ್ದರೆ, ಬೋಲ್ಟ್ ಬಿಚ್ಚಿ ಅರದಿಂದ ತೂತನ್ನು ಇನ್ನಷ್ಟು ಉದ್ದ ಮಾಡಿ.