ಓದದೇ ಉಳಿದ ಪೇಪರಿಗೆ ಒಂದೇ ದಿನ: ವಿಟಿಯು ವಿದ್ಯಾರ್ಥಿಗಳಿಗೆ

ಸೆಮಿಸ್ಟರ್ ಪೂರ್ತಿ ಪುಸ್ತಕ ಮುಟ್ಟದೆ, ಪರೀಕ್ಷೆಗೆ ಒಂದು ದಿನ ಉಳಿದಾಗ ಎಚ್ಚೆತ್ತುಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಪಠ್ಯದ ಐದು ಭಾಗಗಳಲ್ಲಿ, ಅಂದರೆ ಮಾಡ್ಯೂಲುಗಳಲ್ಲಿ, ಮೊದಲನೆಯದರ ಮೊದಲ ಪುಟದಿಂದ ಓದಲು ಕೂರುವುದು. ಸಂಜೆಯ ಹೊತ್ತಿಗೆ ಎರಡನೆಯ ಮಾಡ್ಯೂಲಿನ ನಡುವೆ ಸಿಕ್ಕಿಕೊಂಡು, ಉಳಿದ ಮೂರನ್ನು ನೆನೆದು ಕೈಚೆಲ್ಲುತ್ತಾರೆ. ಆದ್ದರಿಂದ ಪುಸ್ತಕ ತೆರೆಯುವ ಮುನ್ನ ಅರ್ಧ ಗಂಟೆ ಅಂಕಗಳ ಲೆಕ್ಕ ಹಾಕಬೇಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನ (ಪಠ್ಯಕ್ರಮದ) ಸಾಮಾನ್ಯ ಥಿಯರಿ ವಿಷಯದಲ್ಲಿ ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನಲ್ಲೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ, 50 ಅಂಕ. ಸೆಮಿಸ್ಟರಿನ ಕೊನೆಯಲ್ಲಿ 100 ಅಂಕಗಳಿಗೆ ಬರೆದ ಪರೀಕ್ಷೆಯ ಅಂಕಗಳನ್ನು 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬರಬೇಕು. ಇಂಟರ್ನಲ್ಸ್‌ನಲ್ಲಿ 20 ಮಾತ್ರ ಬಂದವರು 100ಕ್ಕೆ 40ನ್ನು ಗುರಿಯಾಗಿಟ್ಟುಕೊಳ್ಳಬೇಕಾದರೆ, 22 ಅಥವಾ ಹೆಚ್ಚು ಬಂದವರಿಗೆ 36 ಸಾಕಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲುಗಳು, ಒಂದೊಂದರಲ್ಲೂ 20 ಅಂಕದ ಎರಡು ಪೂರ್ಣ ಪ್ರಶ್ನೆಗಳು. ಒಂದನ್ನು ಆರಿಸಿಕೊಂಡು ಬರೆಯಬೇಕು. ಅಂದರೆ ಮೂರು ಮಾಡ್ಯೂಲುಗಳಲ್ಲಿ ತಲಾ ಹನ್ನೆರಡೋ ಹದಿಮೂರೋ ಅಂಕ ಗಳಿಸಬಲ್ಲವರು ದಡದ ಹತ್ತಿರ ಬಂದಿರುತ್ತಾರೆ. ಉಳಿದೆರಡರಲ್ಲಿ ಸಿಗುವ ಚೂರುಪಾರು ಅಂಕಗಳು ಎಡವಟ್ಟಿಗೆ ಆಸರೆಯಾಗುತ್ತವೆ.

ಆ ಮೂರು ಯಾವುವು ಎಂಬುದನ್ನು ಹಳೆಯ ಪ್ರಶ್ನೆಪತ್ರಿಕೆಗಳು ಹೇಳಬೇಕೇ ಹೊರತು ನಮ್ಮ ಇಷ್ಟಾನಿಷ್ಟಗಳಲ್ಲ. ನಾಲ್ಕೈದು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು, ಮಾಡ್ಯೂಲಿಗೊಂದು ಹಾಳೆಯಂತೆ ಮರುಕಳಿಸಿದ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ. ಎರಡು ಬೇರೆ ಬೇರೆ ಪ್ರಶ್ನೆಗಳ ಉಪಪ್ರಶ್ನೆಗಳನ್ನು ಕಲೆಹಾಕಿ ಒಂದು ಪೂರ್ಣ ಉತ್ತರ ಮಾಡಿಕೊಳ್ಳುವಂತಿಲ್ಲವಾದ್ದರಿಂದ, ಯಾವ ವಿಷಯಗಳು ಒಂದೇ ಪ್ರಶ್ನೆಯಡಿ ಜೊತೆಯಾಗಿ ಬರುತ್ತವೆ ಎಂಬುದನ್ನೂ ನೋಡಬೇಕು. ನನ್ನ ಅಭಿಪ್ರಾಯದಲ್ಲಿ, ಒಂದೇ ದಿನದಲ್ಲಿ ಕೈಗೆ ಹತ್ತುವುದು ನಿಗದಿತ ಕ್ರಮವಿರುವ ಭಾಗ. ಡೇಟಾಬೇಸ್ ವಿಷಯದಲ್ಲಿ ಈಆರ್ ಚಿತ್ರ (ದತ್ತಾಂಶಗಳ ನಡುವಿನ ಸಂಬಂಧ ತೋರಿಸುವ ನಕ್ಷೆ), ನಾರ್ಮಲೈಸೇಶನ್ (ಕೋಷ್ಟಕಗಳಲ್ಲಿ ಪುನರಾವರ್ತನೆ ತಗ್ಗಿಸುವ ಕ್ರಮ), ಎಸ್‌ಕ್ಯೂಎಲ್ ಕ್ವೆರಿಗಳು (ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶಗಳು) ಅಂಥವು. ನಾಲ್ಕು ಲೆಕ್ಕ ಮಾಡಿದರೆ ಐದನೆಯದರ ದಾರಿ ಕಾಣುತ್ತದೆ. ಉದ್ದುದ್ದ ವಿವರಣೆಗಳು ಹಾಗಲ್ಲ, ಅರ್ಥವಾಗದೆ ಬಾಯಿಪಾಠ ಮಾಡಿದ್ದು ಹಾಲ್‌ನಲ್ಲಿ ಒಂದು ಪದ ಮರೆತರೆ ಪೂರ್ತಿ ಕುಸಿಯುತ್ತದೆ.

ಓದುವ ಕ್ರಮವೂ ಬದಲಾಗಬೇಕು. ಮುಕ್ಕಾಲು ಗಂಟೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಿರಿ. ಬರೆಯಲಾಗದ್ದನ್ನು ಮಾತ್ರ ಮತ್ತೆ ತೆರೆದು ನೋಡಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮೇಲುಗೈ ಸಾಧಿಸಿದರು. ಎರಡು ದಿನ ಮತ್ತು ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ನೋಡಿಕೊಂಡವರು ಮುಂದಿದ್ದರು. ಹಿಂದಿನ ದಿನ ಬರೆದು ಕಲಿಯುವುದಕ್ಕೂ, ಬೆಳಿಗ್ಗೆ ಕಾರಿಡಾರಿನಲ್ಲಿ ಸೂತ್ರಗಳ ಚೀಟಿಯನ್ನು ಇನ್ನೊಮ್ಮೆ ಕಣ್ಣಾಡಿಸುವುದಕ್ಕೂ ಇದರಲ್ಲಿ ಸಮರ್ಥನೆಯಿದೆ. ನೀವು ಹಾಲ್‌ನೊಳಗೆ ಹೋಗುವ ಮುನ್ನ ಆ ಚೀಟಿ ಹೊರಗಿನ ಚೀಲ ಸೇರಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ರಾತ್ರಿ ಹತ್ತರ ನಂತರ ಹೊಸ ಪಾಠ ಬೇಡ. ನೈಟ್ ಔಟ್ ಮಾಡಿದ ತಲೆ ಓದಿದ್ದನ್ನು ಮರೆಯುವುದಷ್ಟೇ ಅಲ್ಲ, ಪ್ರಶ್ನೆಯನ್ನೇ ತಪ್ಪಾಗಿ ಓದುತ್ತದೆ.

ಮೂರು ಗಂಟೆಯನ್ನು ಐದರಿಂದ ಭಾಗಿಸಿದರೆ ಮಾಡ್ಯೂಲಿಗೆ 36 ನಿಮಿಷ ಸಿಗುತ್ತದೆ. ತಯಾರಿಲ್ಲದವರಿಗೆ ಈ ಸಮಪಾಲು ಹೊಂದುವುದಿಲ್ಲ. ಓದಿದ ಮೂರಕ್ಕೆ ತಲಾ 45 ನಿಮಿಷ ಕೊಟ್ಟು, ಉಳಿದ 45 ನಿಮಿಷದಲ್ಲಿ ಮಿಕ್ಕೆರಡು ಮಾಡ್ಯೂಲುಗಳ ವ್ಯಾಖ್ಯೆ, ಚಿತ್ರ, ಸೂತ್ರ, ದತ್ತಾಂಶಗಳನ್ನಾದರೂ ಬರೆಯಿರಿ. ತಪ್ಪಿಗೆ ಅಂಕ ಕಳೆಯುವ ಪದ್ಧತಿ ಇಲ್ಲಿಲ್ಲ. ಹಂತಹಂತಕ್ಕೂ ಅಂಕವಿರುವ ಲೆಕ್ಕದಲ್ಲಿ ಕೊನೆಯ ಉತ್ತರ ತಪ್ಪಿದರೂ ಮೇಲಿನ ಸಾಲುಗಳು ನಿಲ್ಲುತ್ತವೆ. ಸ್ಕ್ಯಾನ್ ಮಾಡಿದ ಪುಟಗಳನ್ನು ಪರದೆಯ ಮೇಲೆ ತಿದ್ದುವವರಿಗೆ ಕಾಣುವಂತೆ ಗಾಢವಾದ ಶಾಯಿಯಲ್ಲಿ, ಪ್ರಶ್ನೆಯ ಸಂಖ್ಯೆಯನ್ನು ಸ್ಪಷ್ಟವಾಗಿ ಹಾಕಿ ಬರೆಯಿರಿ.

ಹತಾಶೆಯಲ್ಲಿ ಕೆಲವರು ಕೊನೆಯ ಪುಟದಲ್ಲಿ ‘ಸಾರ್, ದಯವಿಟ್ಟು ಪಾಸು ಮಾಡಿ’ ಎಂದು ಬರೆದುಬಿಡುತ್ತಾರೆ. ಮೌಲ್ಯಮಾಪಕರಿಗೆ ಮನವಿ ಮಾಡುವುದು, ಗುರುತು ಬಿಟ್ಟುಕೊಡುವುದು, ಅಷ್ಟೇಕೆ, 42+8=50 ಎಂಬಂಥ ಸಮೀಕರಣ ಬರೆಯುವುದೂ ಅವ್ಯವಹಾರವೆಂದು ಪ್ರಶ್ನೆಪತ್ರಿಕೆಯ ಅಂಚಿನಲ್ಲೇ ಅಚ್ಚಾಗಿರುತ್ತದೆ. ಅದೇ ಅಂಚಿನ ಇನ್ನೊಂದು ಸೂಚನೆಯಂತೆ, ಬರೆದು ಮುಗಿಸಿದ ಮೇಲೆ ಖಾಲಿ ಉಳಿದ ಪುಟಗಳ ಮೇಲೆ ಕರ್ಣರೇಖೆಗಳನ್ನು ಎಳೆಯಬೇಕು. ಆದರೆ ಕೊನೆಯ ಗಂಟೆ ಬಾರಿಸುವ ಹೊತ್ತು ಹತ್ತಿರವಾಗುವವರೆಗೆ ಆ ಕೆಲಸಕ್ಕೆ ಕೈ ಹಾಕಬೇಡಿ, ಮರೆತದ್ದು ಅಷ್ಟರೊಳಗೆ ನೆನಪಾಗಬಹುದು.