ಜನರಲ್ ಸ್ಟಡೀಸ್ ಡಿಗ್ರಿ: ಸೇರುವ ಮುನ್ನ ಒಂದು ಹಾಳೆಯ ಲೆಕ್ಕ

ಸ್ಯಾನ್ ಹೋಸೆಯಲ್ಲಿರುವ ಅಣ್ಣ ಮೊನ್ನೆ ಫೋನ್ ಮಾಡಿದ್ದ. "ಮಗಳು ಕಮ್ಯುನಿಟಿ ಕಾಲೇಜಿಗೆ ಸೇರ್ತೀನಿ ಅಂತಾಳೆ ಕಣೋ. ಜನರಲ್ ಸ್ಟಡೀಸ್ ಅಂತೆ. ಅಮ್ಮಂಗೆ ಏನಂತ ಹೇಳ್ಲಿ?" ಅಮ್ಮನಿಗೆ ಹೇಳುವುದು ಕಷ್ಟವೇ. ನಮ್ಮ ಬೀದಿಯವರ ಬಾಯಲ್ಲಿ ಅಮೆರಿಕದ ಮೊಮ್ಮಕ್ಕಳೆಲ್ಲ ಸ್ಟ್ಯಾನ್‌ಫರ್ಡಿಗೇ ಹೋಗುವುದು! ಆದರೆ ಲೆಕ್ಕಪತ್ರ ನೋಡಿಯೇ ಹೊಟ್ಟೆ ಹೊರೆಯುವ ನನ್ನನ್ನು ಅವನು ಕೇಳಿದ್ದು ದುಡ್ಡಿನ ಮಾತು. ಅದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು.

ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದದ್ದು ಈ ಪೈಕಿ ಮೊದಲನೆಯದು. ಕೊನೆಗೆ ಸಿಗುವುದು ಅಸೋಸಿಯೇಟ್ ಡಿಗ್ರಿ. ಜನರಲ್ ಸ್ಟಡೀಸ್‌ನಲ್ಲಿ ಸ್ವಲ್ಪ ಇಂಗ್ಲಿಷು, ಸ್ವಲ್ಪ ಗಣಿತ, ಸ್ವಲ್ಪ ಇತಿಹಾಸ. ಇದೇ ನನ್ನ ವಿಷಯ ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇರುವುದಿಲ್ಲ. ಕೆಳಗಿನ ಲೆಕ್ಕ ಕ್ಯಾಲಿಫೋರ್ನಿಯಾದ್ದು. ಬೇರೆ ರಾಜ್ಯದವರು ಅಲ್ಲಿನ ದರ ಹಾಕಿಕೊಳ್ಳಿ. ಒಂದು ವಿನಂತಿ: ಡಾಲರನ್ನು ರೂಪಾಯಿಗೆ ತಿರುಗಿಸಬೇಡಿ, ತಲೆ ಕೆಡುತ್ತದೆ.

ಮೊದಲು ಇಳಿಯುವ ಊರು ಬರೆಯಿರಿ

ಈ ಡಿಗ್ರಿ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ. ಮುಂದಿನ ರೈಲು ಯಾವುದೆಂದು ಗೊತ್ತಿದ್ದರೆ ಅಲ್ಲಿ ಇಳಿಯುವುದು ಜಾಣತನ, ಇಲ್ಲದಿದ್ದರೆ ಪ್ಲಾಟ್‌ಫಾರಂ ಬೆಂಚೇ ಗತಿ. ಹಾಳೆಯ ತುದಿಯಲ್ಲಿ ಎರಡರಲ್ಲೊಂದು ಬರೆಯಿರಿ: ಇಲ್ಲಿಂದ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗುವುದೋ, ಇಲ್ಲಿಗೇ ಮುಗಿಸಿ ಕೆಲಸ ಹಿಡಿಯುವುದೋ. "ಆಮೇಲೆ ನೋಡೋಣ" ಎಂಬ ಮೂರನೆಯ ಉತ್ತರವೂ ಉಂಟು. ದುಬಾರಿ ಉತ್ತರ ಅದೇ.

ಉಳಿತಾಯ ಎಷ್ಟು?

ಪಾಠವನ್ನು ಅಳೆಯುವುದು ಯೂನಿಟ್ ಲೆಕ್ಕದಲ್ಲಿ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಡಿಗ್ರಿಗೆ 60 ಯೂನಿಟ್ ಬೇಕು; ಒಟ್ಟು 2,760. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 15,000. ಅಗ್ಗದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 6,000ಕ್ಕಿಂತ ಮೇಲೆ. ಅಂದರೆ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಕಳೆದರೆ ಮೊದಲನೆಯದರ ಎದುರು ಸುಮಾರು 27,000, ಎರಡನೆಯದರ ಎದುರು ಸುಮಾರು 10,000 ಡಾಲರ್ ಮಿಗುತ್ತದೆ. ಮನೆಯಲ್ಲೇ ಇದ್ದು ಅಮ್ಮನ ಕೈಯ ಸಾರು ಉಂಡರೆ ಹಾಸ್ಟೆಲ್ ಖರ್ಚೂ ಇಲ್ಲ. ಎಷ್ಟೋ ಮನೆಗಳಲ್ಲಿ ಶುಲ್ಕಕ್ಕಿಂತ ಅದೇ ದೊಡ್ಡ ಮೊತ್ತ.

ಈ ದರ ನಿವಾಸಿಗಳಿಗೆ ಮಾತ್ರ. ಊರಿನಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಶುಲ್ಕ ಹಲವು ಪಟ್ಟು, ಅವರ ಹಾಳೆಯೇ ಬೇರೆ.

ಕಾಲಕ್ಕೆ ಬೆಲೆ ಕಟ್ಟಿ

ಹೆಚ್ಚಿನವರು ಬಿಟ್ಟುಬಿಡುವ ಸಾಲು ಇದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ, 25 ವರ್ಷ ದಾಟಿದ ಪೂರ್ಣಾವಧಿ ಉದ್ಯೋಗಿಗಳ ವಾರದ ಮಧ್ಯಮ ಗಳಿಕೆ (ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ಹೀಗಿತ್ತು: ಹೈಸ್ಕೂಲು ಮಾತ್ರ ಮುಗಿಸಿದವರಿಗೆ 899 ಡಾಲರ್, ಅಸೋಸಿಯೇಟ್ ಡಿಗ್ರಿಯವರಿಗೆ 1,058, ನಾಲ್ಕು ವರ್ಷದ ಬ್ಯಾಚುಲರ್ ಪದವೀಧರರಿಗೆ 1,493.

ಬ್ಯಾಚುಲರ್‌ಗೂ ಹೈಸ್ಕೂಲಿಗೂ ನಡುವಿನ ಅಂತರ ವಾರಕ್ಕೆ 594, ವರ್ಷಕ್ಕೆ ಸುಮಾರು 31,000. ಈಗ ಮೇಲಿನ ಉಳಿತಾಯದ ಪಕ್ಕ ಇದನ್ನಿಟ್ಟು ನೋಡಿ. ಎರಡು ವರ್ಷದ ಓದು ಮೂರು ವರ್ಷಕ್ಕೆ ಎಳೆದರೆ ಆ 27,000 ಅಷ್ಟೂ ಹೋಯಿತು, ಮೇಲೆ ಕೈಯಿಂದಲೂ ಹೋಯಿತು. ಹೊಸ ಪದವೀಧರನಿಗೆ ಮೊದಲ ವರ್ಷವೇ ಅಷ್ಟು ಸಂಬಳ ಸಿಗುವುದಿಲ್ಲ, ಒಪ್ಪಿದೆ; ಅರ್ಧ ಎಂದುಕೊಂಡರೂ ಏಟು ಸಣ್ಣದಲ್ಲ.

ಓದು ಎಳೆಯುವುದಾದರೂ ಏಕೆ? ಮಕ್ಕಳು ಸೋಮಾರಿಗಳೆಂದಲ್ಲ. ವರ್ಗವಾಗುವಾಗ ಓದಿದ ಯೂನಿಟ್‌ಗಳನ್ನೆಲ್ಲ ಹೊಸ ಕಾಲೇಜು ಒಪ್ಪುವುದಿಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಅಂದಾಜಿಸಿದಂತೆ, ಕಾಲೇಜು ಬದಲಿಸಿದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ (ಯೂನಿಟ್ ಎಂಬುದರ ಇನ್ನೊಂದು ಹೆಸರು) ಕಳೆದುಕೊಂಡಿದ್ದರು. ಎಲ್ಲ ಬಗೆಯ ವರ್ಗಾವಣೆಯೂ ಸೇರಿದ ಅಂಕಿ ಅದು. ಆದರೆ ಗುರಿಯಿಲ್ಲದೆ ಕೋರ್ಸ್ ಆರಿಸಿದವರಿಗೆ ಈ ಅಪಾಯ ಹೆಚ್ಚೆಂದು ಬೇರೆ ಹೇಳಬೇಕಿಲ್ಲ.

ಯೂನಿಟ್‌ಗಳನ್ನು ಒಂದೊಂದಾಗಿ ಜೋಡಿಸಿ

ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣ ತೆರೆಯಿರಿ. ನಿಮ್ಮ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ಓದಬೇಕಾದ ವಿಷಯ ಕೊಟ್ಟರೆ ಯಾವ ಕೋರ್ಸ್ ಯಾವುದಕ್ಕೆ ಸಮ ಎಂದು ತೋರಿಸುತ್ತದೆ. ಹೊಂದದ ಕೋರ್ಸಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.

ಇನ್ನೊಂದು ದಾರಿ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್'. 2010ರ ಕಾನೂನಿನಿಂದ ಬಂದದ್ದು. ಇದನ್ನು ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಸೀಟು ಖಾತರಿ, ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂದಲ್ಲ. ಇದನ್ನು ಕೊಡುವುದು ಗೊತ್ತಾದ ವಿಷಯಗಳಲ್ಲಿ. ಬರೀ ಜನರಲ್ ಸ್ಟಡೀಸ್ ಎಂಬ ಹೆಸರಿಗೆ ಈ ಖಾತರಿಯಿಲ್ಲ. ಅಲ್ಲಿ ಓದುವ ಪಾಠಗಳನ್ನೇ ಬಹುಮಟ್ಟಿಗೆ ಓದಿಕೊಂಡು ಹೆಸರು ಬದಲಿಸಿಕೊಳ್ಳಲು ಸಾಧ್ಯವಿದ್ದಾಗ, ಬೆಲೆಯಿಲ್ಲದ ಹೆಸರನ್ನು ಯಾಕೆ ಇಟ್ಟುಕೊಳ್ಳಬೇಕು?

ಇಲ್ಲಿಗೇ ಮುಗಿಸುವುದಾದರೆ

ಹೈಸ್ಕೂಲಿಗೂ ಅಸೋಸಿಯೇಟ್‌ಗೂ ವ್ಯತ್ಯಾಸ ವಾರಕ್ಕೆ 159, ವರ್ಷಕ್ಕೆ 8,268. ಇದನ್ನು ತೋರಿಸಿ ಮರುಳು ಮಾಡುವವರಿದ್ದಾರೆ. ಆ ಅಂಕಿಯೊಳಗೆ ನರ್ಸುಗಳು, ಎಕ್ಸ್‌ರೇ ತಂತ್ರಜ್ಞರು, ಹಲ್ಲು ಶುಚಿ ಮಾಡುವವರೂ ಇದ್ದಾರೆ. ಅವರ ಕೈಯಲ್ಲಿರುವುದು ಲೈಸೆನ್ಸು. ಜನರಲ್ ಸ್ಟಡೀಸ್‌ನವರ ಪಾಲಿಗೆ ಅದರಲ್ಲಿ ಅರ್ಧ, ಅಂದರೆ ವರ್ಷಕ್ಕೆ 4,000 ಎಂದು ಊಹಿಸಿಕೊಳ್ಳಿ. ಓದುವ ಎರಡು ವರ್ಷ ಪೂರ್ಣ ದಿನದ ಬದಲು ಅರ್ಧ ದಿನದ ಕೆಲಸವನ್ನಷ್ಟೇ ಮಾಡಿದರೆ, 2025ರ ಕನಿಷ್ಠ ಕೂಲಿ ಗಂಟೆಗೆ 16.50ರ ಪ್ರಕಾರ ಬಿಟ್ಟುಕೊಟ್ಟ ಗಳಿಕೆ ಸುಮಾರು 34,000. ಶುಲ್ಕ, ಪುಸ್ತಕ ಸೇರಿ 38,000. ಹಾಕಿದ್ದು ವಾಪಸು ಬರಲು ಒಂಬತ್ತು ವರ್ಷದ ಮೇಲಾಯಿತು. ಊಹೆಯ ಜಾಗದಲ್ಲಿ ನಿಜವಾದ ಅಂಕಿ ಬೇಕಿದ್ದರೆ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ತಾಣದಲ್ಲಿ ಕಾಲೇಜಿನ ಹೆಸರು, ವಿಷಯ ಹಾಕಿ ಹುಡುಕಿ.

ಈಗಾಗಲೇ 45 ಯೂನಿಟ್ ಮುಗಿಸಿದವರು ಹಳೆಯ ಖರ್ಚನ್ನು ಹಾಳೆಗೆ ತರಬೇಡಿ. ಉಳಿದ 15ಕ್ಕೆ 690 ಡಾಲರ್ ಮಾತ್ರ. ಅಂಥವರು ಕಣ್ಣುಮುಚ್ಚಿ ಮುಗಿಸಬಹುದು.

ತೆರಿಗೆಯ ಒಂದು ಗಂಟು

ಅಮೆರಿಕನ್ ಆಪರ್ಚುನಿಟಿ ತೆರಿಗೆ ರಿಯಾಯಿತಿ ವರ್ಷಕ್ಕೆ 2,500 ಡಾಲರ್ ತನಕ ಸಿಗುತ್ತದೆ, ಆದರೆ ಒಬ್ಬ ವಿದ್ಯಾರ್ಥಿಗೆ ನಾಲ್ಕೇ ವರ್ಷ. ಅಗ್ಗದ ವರ್ಷದಲ್ಲಿ ಅರೆಬರೆ ಬಳಸಿ ಮುಗಿಸಿದರೆ ದುಬಾರಿ ವರ್ಷಕ್ಕೆ ಉಳಿಯುವುದಿಲ್ಲ. ದಂಪತಿಯ ಆದಾಯ 1,80,000 ದಾಟಿದ್ದರೆ ಇದು ಸಿಗುವುದೇ ಇಲ್ಲ. "ಹಾಗಾದ್ರೆ ಇದನ್ನ ಹೊಡೆದುಹಾಕು" ಎಂದ ಅಣ್ಣ.

ಕಳೆದ ಭಾನುವಾರ ಮಗಳೇ ವಿಡಿಯೊ ಕಾಲ್‌ನಲ್ಲಿ ಬಂದಳು. ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದಳು. ಮೊದಲ ಸೆಮಿಸ್ಟರಿಗೆ ಆರಿಸಿದ್ದ ಐದು ಕೋರ್ಸುಗಳಲ್ಲಿ ಎರಡಕ್ಕೆ ಕೆಂಪು ಗುರುತು. "ಚಿಕ್ಕಪ್ಪ, ಇವೆರಡು ತೆಗೆದು ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಹಾಕ್ಕೊಂಡೆ. ಜನರಲ್ ಸ್ಟಡೀಸ್ ಅಂತ ಬರೆದಿದ್ದನ್ನೂ ಹೊಡೆದುಹಾಕಿದೀನಿ." ಅಮ್ಮ ಪಕ್ಕದಲ್ಲೇ ಕೂತಿದ್ದಳು. "ಎಕನಾಮಿಕ್ಸ್ ಅಂತೆ" ಎಂದು ಅವತ್ತೇ ಸಂಜೆ ಬೀದಿಗೆಲ್ಲ ಗೊತ್ತಾಯಿತು.